ವೇಷದ ಒಳಗಿದ್ದವರಿಗೆ ಒಂದು ಕೋಣೆ, ಒಬ್ಬ ಜೊತೆಗಾರ: ಕರಾವಳಿಯ ಮೇಳ ಆಯೋಜಕರಿಗೆ ಬಹಿರಂಗ ಪತ್ರ

ಮಂಗಳೂರು, ಉಡುಪಿ ಕಡೆ ವಸ್ತುಪ್ರದರ್ಶನ, ಕಾಲೇಜು ಫೆಸ್ಟ್, ಕಾಮಿಕ್ ಮೇಳ, ಮಾಲ್ ಕಾರ್ಯಕ್ರಮ ನಡೆಸುವ ಎಲ್ಲರಿಗೂ, ಅವಕ್ಕೆ ಅನುಮತಿ ಕೊಡುವ ಅಧಿಕಾರಿಗಳಿಗೂ ನಮಸ್ಕಾರ.

ಈಗೀಗ ನಿಮ್ಮ ಗೇಟಿನಲ್ಲಿ ಒಂದು ಕರಡಿಯೋ ಪಾಂಡಾವೋ ನಿಂತು ಕೈ ಬೀಸದಿದ್ದರೆ ಕಾರ್ಯಕ್ರಮಕ್ಕೆ ಕಳೆಯೇ ಇಲ್ಲ ಅನ್ನುವ ಹಾಗಾಗಿದೆ. ಫೆಸ್ಟ್‌ಗಳಲ್ಲಂತೂ ಹುಡುಗ ಹುಡುಗಿಯರು ತಾವೇ ಹೊಲಿದ ತೋಳ, ನರಿ, ಡ್ರ್ಯಾಗನ್ ವೇಷ ಹಾಕಿ ಬರುತ್ತಾರೆ. ತಲೆಯಿಂದ ಕಾಲಿನವರೆಗೆ ಫರ್, ಚರ್ಮ ಎಲ್ಲೂ ಕಾಣುವುದಿಲ್ಲ. ನಾನು ಈ ಗುಂಪಿನವನು. ಬಿಡುವಿದ್ದಾಗ ಸ್ಪಂಜು ಕೊರೆದು, ಫರ್ ಅಂಟಿಸಿ ವೇಷ ಮಾಡುತ್ತೇನೆ. ಹಾಕುತ್ತೇನೆ. ಗೆಳೆಯರು ಹಾಕಿದಾಗ ಪಕ್ಕದಲ್ಲಿ ನಡೆಯುತ್ತೇನೆ.

ನಾನು ಕೇಳುವುದು ಎರಡೇ. ವೇಷ ಹಾಕಿದವರು ತಲೆ ಕಳಚಿಟ್ಟು ಕೂರಲು ಒಂದು ತಂಪಾದ ಕೋಣೆ. ಅವರ ಜೊತೆ ನಡೆಯಲು ಒಬ್ಬ ಮನುಷ್ಯ, ಅವನಿಗೊಂದು ಪಾಸು. ಇವೆರಡು ಕೊಡಲು ಆಗದಿದ್ದರೆ ಆ ಕಾರ್ಯಕ್ರಮದಲ್ಲಿ ಮೈ ತುಂಬಾ ಮುಚ್ಚುವ ವೇಷವೇ ಬೇಡ. ಪೋಸ್ಟರ್‌ನಲ್ಲಿ ಕರಡಿಯ ಚಿತ್ರ ಹಾಕಿ ಸಾಕು.

ವೇಷ ನಮ್ಮ ಊರಿಗೆ ಹೊಸತಲ್ಲ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಉಡುಪಿ ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಂಗಳೂರು ದಸರಾಕ್ಕೆ ಕುದ್ರೋಳಿ, ಮಂಗಳಾದೇವಿ ಕಡೆ ಹುಲಿವೇಷದ ತಂಡ ಹೊರಟಿತೆಂದರೆ ಬಸ್ಸುಗಳೂ ಸುಮ್ನೆ ನಿಂತು ನೋಡುತ್ತವೆ. ಮೈಗೆಲ್ಲ ಬಣ್ಣ, ತಲೆಗೆ ಹುಲಿಯ ಮಂಡೆ (ಮುಖವಾಡ), ಗಂಟೆಗಟ್ಟಲೆ ಕುಣಿತ. ಕಷ್ಟದಲ್ಲಿ ಅದು ನಮ್ಮ ಫರ್ ವೇಷಕ್ಕಿಂತ ಒಂದು ಕೈ ಜಾಸ್ತಿಯೇ. ಆದರೆ ಹುಲಿ ಒಂಟಿಯಾಗಿ ಬೀದಿಗಿಳಿದದ್ದನ್ನು ನೀವು ನೋಡಿದ್ದೀರಾ? ಬಣ್ಣ ಹಚ್ಚುವ ಮೊದಲಿನ ಊದು ಪೂಜೆಯಿಂದ ಹಿಡಿದು ಬಣ್ಣ ತೆಗೆಯುವವರೆಗೆ ತಂಡ ಜೊತೆಗಿರುತ್ತದೆ. ತಾಸೆ ವಾದ್ಯ ಬಡಿಯುವವರು ಇರುತ್ತಾರೆ, ಹಿಂದೆ ವಾಹನ ಇರುತ್ತದೆ, ನೀರು ಹಿಡಿದ ಹುಡುಗರಿರುತ್ತಾರೆ. ಯಾವ ಹುಲಿಯ ಕಾಲು ಸೋಲುತ್ತಿದೆ ಅನ್ನುವುದು ತಂಡದ ಹಿರಿಯರ ಕಣ್ಣಿಗೆ ಮೊದಲೇ ಬೀಳುತ್ತದೆ. ಕರೆದು ಕೂರಿಸುತ್ತಾರೆ. ರವಿ ಕಟಪಾಡಿಯವರು ಅಷ್ಟಮಿಗೆ ವಿಚಿತ್ರ ಜೀವಿಗಳ ವೇಷ ಹಾಕಿ, ಸೇರಿದ ಹಣವನ್ನು ಮಕ್ಕಳ ಚಿಕಿತ್ಸೆಗೆ ಕೊಡುತ್ತಾ ಬಂದದ್ದು ಊರಿಗೇ ಗೊತ್ತು. ಅವರ ಹಿಂದೆಯೂ ಗೆಳೆಯರ ಒಂದು ಪಡೆಯೇ ಇದೆ.

ನಿಮ್ಮ ಗೇಟಿನ ಪಾಂಡಾಕ್ಕೆ ಮಾತ್ರ ಯಾರೂ ಇಲ್ಲ.

ಮೊದಲು ಸೆಕೆಯ ಮಾತು. ನಮ್ಮ ಹುಡುಗರು ಬೆಂಗಳೂರಿನ ಕಾಮಿಕ್ ಕಾನ್‌ಗೆ ರಾತ್ರಿ ಬಸ್ಸಿನಲ್ಲಿ ಹೋಗುತ್ತಾರೆ. ಅಲ್ಲಿ 2012ರಿಂದ ಅದು ನಡೆಯುತ್ತಿದೆ. ಅಲ್ಲಿ ನೋಡಿ ಬಂದದ್ದನ್ನು ಇಲ್ಲಿ ಹೊಲಿಯುತ್ತಾರೆ. ವೇಷ ಅದೇ, ಹವೆ ಬೇರೆ. ಬೆವರು ಬಂದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ಮಾತ್ರ ತಣ್ಣಗಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ನಮ್ಮ ಕರಾವಳಿಯಲ್ಲಿ ಅಂಗಿಯೇ ಆರುವುದಿಲ್ಲ, ಇನ್ನು ಫರ್ ಒಳಗಿನ ಬೆವರು ಆರುತ್ತದಾ? ಮೇಲೆ ಫರ್, ಅದರಡಿ ಸ್ಪಂಜು, ಅದರಡಿ ಬನಿಯನ್ನು. ಒಳಗಿನ ಗಾಳಿ ಸ್ವಲ್ಪ ಹೊತ್ತಿನಲ್ಲೇ ನೀರಾವಿಯಿಂದ ತುಂಬುತ್ತದೆ. ಆಮೇಲೆ ಬೆವರು ಹರಿದು ಕಾಲಿಗೆ ಇಳಿಯುತ್ತದೆ ಅಷ್ಟೇ, ಮೈಗೆ ಏನೂ ಉಪಕಾರ ಇಲ್ಲ.

‘ಹಾಲ್‌ಗೆ ಎಸಿ ಇದೆ ಅಲ್ವಾ’ ಅನ್ನುತ್ತಾರೆ. ಎಸಿ ನಿಮಗಿದೆ. ಫರ್ ದಾಟಿ ಅದು ಒಳಗೆ ಬರುವುದಿಲ್ಲ. ‘ಕಾರ್ಯಕ್ರಮ ಸಂಜೆ ಮೇಲೆ’ ಎನ್ನುವುದು ಇನ್ನೊಂದು ಸಮಾಧಾನ. 2019ರ ಜುಲೈನಲ್ಲಿ ಜಪಾನಿನ ಒಸಾಕಾ ಪ್ರಾಂತ್ಯದ ಒಂದು ಮನರಂಜನಾ ಪಾರ್ಕಿನಲ್ಲಿ ವೇಷ ಹಾಕಿ ಕುಣಿತ ಅಭ್ಯಾಸ ಮಾಡುತ್ತಿದ್ದ ಯುವಕನೊಬ್ಬ ಶಾಖಾಘಾತದಿಂದ ಸತ್ತ. ವೇಷ ಸುಮಾರು 16 ಕಿಲೋ. ಅಭ್ಯಾಸ ನಡೆದದ್ದು ಹಗಲು ಬಿಸಿಲಿನಲ್ಲಲ್ಲ, ಸೂರ್ಯ ಮುಳುಗಿದ ಮೇಲೆ. ಕುಣಿದದ್ದು ಸುಮಾರು 20 ನಿಮಿಷ. ಬಿಸಿಲಿಲ್ಲ, ಜನಜಂಗುಳಿ ಇಲ್ಲ, ಸುತ್ತ ಸಹೋದ್ಯೋಗಿಗಳೇ ಇದ್ದರು. ಆದರೂ ಹಾಗಾಯಿತು.

ಹಾಗಾಗಿ ನಮ್ಮ ಗುಂಪಿನಲ್ಲಿ ಒಂದು ಲೆಕ್ಕ ಇಟ್ಟಿದ್ದೇವೆ. ಒಳಗೆ 20 ನಿಮಿಷ, ಹೊರಗೆ ಕನಿಷ್ಠ ಅಷ್ಟೇ. ಸಾಮಾನ್ಯವಾಗಿ ಹೊರಗೆ ಜಾಸ್ತಿ. ಗಡಿಯಾರ ನೋಡುವುದು ಜೊತೆಗಾರನ ಕೆಲಸ, ಯಾಕೆಂದರೆ ಒಳಗಿರುವವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮಕ್ಕಳು ಬರುತ್ತಾ ಇರುತ್ತಾರೆ, ‘ಇದೊಂದು ಫೋಟೋ ಆಗಲಿ’ ಅನ್ನಿಸುತ್ತಾ ಇರುತ್ತದೆ. ತಲೆಯೊಳಗೆ ಬ್ಯಾಟರಿಯ ಸಣ್ಣ ಫ್ಯಾನ್ ಕೂರಿಸುತ್ತೇವೆ. ಅದು ಕಣ್ಣಿನ ಮಂಜು ಕಡಿಮೆ ಮಾಡುತ್ತದೆ, ಮೈಯ ಕಾವನ್ನು ಇಳಿಸುವುದಿಲ್ಲ. ವೇಷ ಹಾಕುವ ಮೊದಲೇ ಕುಡಿಯಬೇಕು. ಬೊಂಡ (ಎಳನೀರು), ಉಪ್ಪು ಹಾಕಿದ ಗಂಜಿ ತಿಳಿ ಒಳ್ಳೆಯದು. ಓಆರ್‌ಎಸ್ ಆದರೆ ಮೆಡಿಕಲ್‌ನಲ್ಲಿ ಸಿಗುವ ದೊಡ್ಡ ಪ್ಯಾಕೆಟ್, ಅದನ್ನು ಒಂದು ಲೀಟರ್ ನೀರಿಗೇ ಕಲಸಬೇಕು. ಅರ್ಧ ಬಾಟಲಿಗೆ ಸುರಿದು ಕುಡಿಸುವವರನ್ನು ನೋಡಿದ್ದೇನೆ, ಅದು ತಪ್ಪು.

ಇನ್ನು ಕಣ್ಣು. ಹೊರಗಿನಿಂದ ನೋಡಿದರೆ ಆ ಪ್ರಾಣಿಗೆ ಅಂಗೈ ಅಗಲದ ಕಣ್ಣು. ಒಳಗಿನವರಿಗೆ ಕಾಣುವುದು ಆ ಕಣ್ಣಿನ ಕಪ್ಪು ಭಾಗದಲ್ಲಿ ಕೂರಿಸಿದ ಬಲೆಯ ಮೂಲಕ. ಕೆಲವರು ಪ್ಲಾಸ್ಟಿಕ್ ಬಲೆ ಹಾಕುತ್ತಾರೆ, ಕೆಲವರು ಟೈಲರ್ ಅಂಗಡಿಯ ಬಕ್ರಂ. ಬಾಡಿಗೆಗೆ ಸಿಗುವ ದೊಡ್ಡ ತಲೆಗಳಲ್ಲಿ ಕಣ್ಣು ಬರೀ ಅಲಂಕಾರ, ನೋಡಬೇಕಾದದ್ದು ಬಾಯಿಯ ಸಂದಿನಿಂದ. ಎದುರಿಗೆ ಇರುವವರ ಎದೆ, ಮುಖ ಕಾಣುತ್ತದೆ. ತನ್ನದೇ ಕಾಲು ಕಾಣುವುದಿಲ್ಲ. ಸೊಂಟದ ಎತ್ತರದ ಮಗು ಪಕ್ಕಕ್ಕೆ ಬಂದು ನಿಂತರೆ ಕಾಣುವುದೇ ಇಲ್ಲ. ಮೆಟ್ಟಿಲಿನ ಅಂಚು, ನೆಲದ ಮೇಲೆ ಎಳೆದ ಜನರೇಟರ್ ವೈರು, ಸ್ಟಾಲ್ ಕಟ್ಟಿದ ಹಗ್ಗ, ಯಾವುದೂ ಇಲ್ಲ. ಡಿಜೆ ಲೈಟು ಹಾಕಿ ಹಾಲ್ ಕತ್ತಲು ಮಾಡಿದಿರೋ, ಕಾಣುತ್ತಿದ್ದದ್ದೂ ಹೋಯಿತು. ಕಿವಿಯ ಮೇಲೆ ಸ್ಪಂಜು ಇರುವುದರಿಂದ ‘ಸರಿಯಿರಿ, ಸರಿಯಿರಿ’ ಎಂದು ಹಿಂದಿನಿಂದ ಕೂಗಿದರೂ ಕೇಳುವುದಿಲ್ಲ. ಮೈಕಿನಲ್ಲಿ ತುರ್ತು ಸೂಚನೆ ಕೊಟ್ಟರೆ ಒಳಗೆ ಗುಂಯ್ ಎನ್ನುವ ಸದ್ದು ಮಾತ್ರ.

ಇಂಥವರನ್ನು ನೀವು ಎಲ್ಲಿ ನಿಲ್ಲಿಸುತ್ತೀರಿ? ಗೇಟಿನ ಬಾಯಲ್ಲಿ. ಜನ ನುಗ್ಗುವ, ನಿಲ್ಲುವ, ಸೆಲ್ಫಿಗೆ ತಿರುಗುವ ಜಾಗದಲ್ಲೇ. ಒಂದು ಕುಟುಂಬ ಫೋಟೋಕ್ಕೆ ನಿಂತರೆ ಹಿಂದೆ ಐವತ್ತು ಜನ ನಿಲ್ಲುತ್ತಾರೆ. ಫೋಟೋಕ್ಕೆ ಬೇರೆ ಜಾಗ ಮಾಡಿ. ಗೋಡೆಗೆ ಬೆನ್ನು ಕೊಡುವ ಹಾಗಿರಲಿ, ಬಾಲ ಎಳೆಯುವವರಿಗೆ ಹಿಂದೆ ದಾರಿ ಸಿಗಬಾರದು. ಮೆಟ್ಟಿಲು, ಎಸ್ಕಲೇಟರ್ ಹತ್ತಿರ ಬೇಡವೇ ಬೇಡ. ಎಸ್ಕಲೇಟರ್‌ನಲ್ಲಿ ಬಾಲ, ಪಾದದ ಫರ್ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ನಾನು ವಿವರಿಸಬೇಕಾಗಿಲ್ಲ. ಲಿಫ್ಟ್ ಕೊಡಿ, ಇಲ್ಲದಿದ್ದರೆ ನೆಲಮಹಡಿಯಲ್ಲೇ ಇರಲಿ.

ಒಂದು ಸಂಜೆ ನಡೆದದ್ದನ್ನು ಹೇಳುತ್ತೇನೆ. ಯಾವ ಮೇಳ, ಯಾವ ಅಂಗಡಿ ಎಂದು ಬರೆಯುವುದಿಲ್ಲ, ಎಲ್ಲ ಕಡೆಯೂ ಹೆಚ್ಚು ಕಡಿಮೆ ಇದೇ ಕತೆ. ನನ್ನ ಗೆಳತಿ ನರಿ ವೇಷದಲ್ಲಿದ್ದಳು, ನಾನು ಅವಳ ಜೊತೆಗಾರ. ಸ್ಟಾಲ್ ಸಾಲಿನ ತುದಿಯಲ್ಲಿ ಒಂದು ಪಾಂಡಾ. ಒಂದು ಅಂಗಡಿಯ ಪ್ರಚಾರಕ್ಕೆ ದಿನಗೂಲಿಗೆ ಬಂದ ಹುಡುಗ. ಅವನು ಕೈ ಬೀಸುವುದು ನಿಧಾನವಾಗುತ್ತಾ ಬಂತು. ಆಮೇಲೆ ಕೈ ಬೀಸುವುದು ಬಿಟ್ಟು ಕಂಬಕ್ಕೆ ಒರಗಿ ನಿಂತ. ಮಕ್ಕಳಿಗೆ ಅದೂ ತಮಾಷೆ, ಒಬ್ಬ ಹೊಟ್ಟೆಗೆ ಗುದ್ದಿದ. ನಾನು ಹತ್ತಿರ ಹೋಗಿ ಬಾಯಿಯ ಸಂದಿಗೆ ಮುಖ ಕೊಟ್ಟು ‘ಭಾಯಿ, ಠೀಕ್ ಹೈ ಕ್ಯಾ’ ಎಂದೆ. ಒಳಗಿನಿಂದ ‘ಪಾನಿ’ ಅಂತ ಬಂತು. ತಲೆ ತೆಗೆಯಲು ಹೋದರೆ ಬ್ಯಾಡ್ಜ್ ಹಾಕಿದ ಒಬ್ಬರು ಓಡಿ ಬಂದು, ‘ಇಲ್ಲಿ ತೆಗೀಬೇಡಿ ಮಾರಾಯ್ರೆ, ಮಕ್ಕಳು ನೋಡ್ತಾರೆ’ ಎಂದರು. ಹಾಗಾದರೆ ಎಲ್ಲಿ ತೆಗೆಯುವುದು ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಕೊನೆಗೆ ಸ್ಟಾಲ್‌ಗಳ ಹಿಂದೆ, ಜನರೇಟರಿಗೂ ಪೇರಿಸಿಟ್ಟ ಕುರ್ಚಿಗಳಿಗೂ ನಡುವೆ ಅವನನ್ನು ಕೂರಿಸಿದೆವು. ಜನರೇಟರಿನ ಬಿಸಿ ಗಾಳಿ ನೇರ ನಮ್ಮ ಮೇಲೆ. ಕೈಗವಸು ತೋಳಿಗೇ ಹೊಲಿದಿತ್ತು, ಜಿಪ್ ಬೆನ್ನಿನಲ್ಲಿತ್ತು. ಅಂದರೆ ಅವನು ತಾನಾಗಿ ಹೊರಗೆ ಬರುವ ಹಾಗೇ ಇರಲಿಲ್ಲ. ತಲೆಯ ಒಳಗೆ ಕಟ್ಟಡ ಕೆಲಸದವರು ಹಾಕುವ ಹಳದಿ ಹೆಲ್ಮೆಟ್ ಅಂಟಿಸಿದ್ದರು, ಅದರ ಪಟ್ಟಿ ಗಲ್ಲಕ್ಕೆ ಬಿಗಿದಿತ್ತು. ಬಿಚ್ಚಿದರೆ ಕೂದಲು ಈಗ ತಾನೇ ಮಿಂದು ಬಂದವನ ಹಾಗೆ ತೊಯ್ದಿದೆ. ಸ್ಪಂಜು ಒತ್ತಿದರೆ ನೀರು ಒಸರುತ್ತದೆ, ಅದರಲ್ಲಿ ಅವನ ಬೆವರಿನ ಜೊತೆ ಹಿಂದಿನವರ ಬೆವರಿನ ವಾಸನೆಯೂ ಇತ್ತು. ಒಂದು ಬಾಟಲಿ ನೀರು ಗಟಗಟ ಕುಡಿದು ಪೂರ್ತಿ ವಾಂತಿ ಮಾಡಿದ. ರಟ್ಟಿನ ಡಬ್ಬಿ ಹರಿದು ಗಾಳಿ ಹಾಕಿದೆವು, ಬೈರಾಸು (ಟವೆಲ್) ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದೆವು, ಬೊಂಡ ತಂದು ಗುಟುಕು ಗುಟುಕಾಗಿ ಕುಡಿಸಿದೆವು. ಬಣ್ಣ ತಿರುಗುವಷ್ಟರಲ್ಲಿ ಫೋನ್ ಬಂತು. ಸೂಪರ್‌ವೈಸರ್. ಹುಡುಗ ಎದ್ದು ಮತ್ತೆ ಪಾಂಡಾ ಆದ. ಬೇಡ ಅಂದೆವು. ‘ಪೂರಾ ದಿನದ ಕೂಲಿ ಹೋಗುತ್ತದೆ’ ಎಂದ.

ನನ್ನ ಗೆಳತಿ ಸಾಕೆನಿಸಿದಾಗ ಮನೆಗೆ ಹೋಗಬಹುದು. ಅವನು ಹೋಗುವ ಹಾಗಿಲ್ಲ. ಹಾಗಾಗಿಯೇ ಇದನ್ನು ವೇಷಧಾರಿಯ ಜವಾಬ್ದಾರಿ ಎಂದು ಬಿಡಬೇಡಿ ಅನ್ನುತ್ತಿದ್ದೇನೆ. ಹವ್ಯಾಸದವರಿಗೆ ನೀವು ‘ಸ್ವಂತ ಹೊಣೆಯಲ್ಲಿ’ ಎಂಬ ಫಾರಂಗೆ ಸಹಿ ಹಾಕಿಸಿಕೊಳ್ಳುತ್ತೀರಿ. ದಿನಗೂಲಿಯವನಿಗೆ ಅದನ್ನು ಓದಿ ಹೇಳುವವರೂ ಇಲ್ಲ.

ಕೋಣೆ ಅಂದರೆ ಏನು ದೊಡ್ಡ ಖರ್ಚಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 2006ರಿಂದ ಆಂಥ್ರೋಕಾನ್ ಎಂಬ ಮೇಳ ನಡೆಯುತ್ತದೆ. ನೂರಾರು, ಸಾವಿರಾರು ಜನ ಪ್ರಾಣಿ ವೇಷದಲ್ಲಿ ಒಟ್ಟಿಗೆ ಮೆರವಣಿಗೆ ಹೋಗುತ್ತಾರೆ. ಇಂಥ ಮೇಳಗಳಲ್ಲಿ ‘ಹೆಡ್‌ಲೆಸ್ ಲೌಂಜ್’ ಅಂತ ಒಂದು ಜಾಗ ಇರುತ್ತದೆ. ದೊಡ್ಡ ಫ್ಯಾನುಗಳು, ನೀರಿನ ಕ್ಯಾನು, ತಲೆ ಒಣಗಲು ಇಡುವ ಸ್ಟ್ಯಾಂಡು. ಕ್ಯಾಮೆರಾಕ್ಕೆ ಪ್ರವೇಶ ಇಲ್ಲ. ಅಷ್ಟೇ. ನಮ್ಮಲ್ಲೂ ಹಾಲ್ ಇದ್ದಲ್ಲಿ ಗ್ರೀನ್ ರೂಮ್ ಇದ್ದೇ ಇರುತ್ತದೆ, ಅದರಲ್ಲಿ ಅತಿಥಿಗಳ ಶಾಲು, ಹಾರ, ಹಣ್ಣಿನ ಬುಟ್ಟಿ ಇಟ್ಟು ಬೀಗ ಹಾಕುತ್ತೀರಿ! ಮೈದಾನವಾದರೆ ಜನರೇಟರಿನಿಂದ ದೂರ, ನಾಲ್ಕು ಬದಿ ಬಟ್ಟೆ ಕಟ್ಟಿದ ಒಂದು ಸ್ಟಾಲ್ ಸಾಕು. ಎರಡು ಪೆಡೆಸ್ಟಲ್ ಫ್ಯಾನ್, ಕುರ್ಚಿ, ನೀರು, ಒಂದು ಡಬ್ಬಿ ಐಸ್. ಗೇಟಿನಿಂದ ಎರಡು ನಿಮಿಷಕ್ಕಿಂತ ಹೆಚ್ಚು ನಡೆಯುವ ಹಾಗಿರಬಾರದು. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬೇರೆ ಮರೆ ಇರಲಿ. ಒಂದೇ ತಲೆಯನ್ನು ಪಾಳಿಯಲ್ಲಿ ಹಾಕುವುದಾದರೆ ಪ್ರತಿಯೊಬ್ಬರಿಗೂ ಬೇರೆ ತಲೆಬಟ್ಟೆ, ನಡುವೆ ಸ್ಪಿರಿಟ್ ಸ್ಪ್ರೇ ಹೊಡೆದು ಫ್ಯಾನಿನಡಿ ಒಣಗಿಸುವುದು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಊಟದ ಹೊತ್ತಿಗೆ ಓದುತ್ತಿರಬಹುದು.

ಜೊತೆಗಾರನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಅವನನ್ನೇ ನೀವು ಗೇಟಿನಲ್ಲಿ ತಡೆಯುವುದು. ‘ವೇಷದವರಿಗೆ ಮಾತ್ರ ಫ್ರೀ, ನೀವು ಟಿಕೆಟ್ ತಗೊಳ್ಳಿ’ ಎಂಬ ಮಾತು ಎಷ್ಟು ಸಲ ಕೇಳಿದ್ದೇನೋ. ಅವನು ಆ ಪ್ರಾಣಿಯ ಕಣ್ಣು, ಕಿವಿ, ನಾಲಗೆ. ಅರ್ಧ ಹೆಜ್ಜೆ ಮುಂದೆ, ಪಕ್ಕದಲ್ಲಿ ನಡೆಯುತ್ತಾನೆ, ಮೆಟ್ಟಿಲು ಬಂದರೆ ಹೇಳುತ್ತಾನೆ, ನೆಲ ಒದ್ದೆಯಿದ್ದರೆ ಬೇರೆ ದಾರಿ ಹಿಡಿಸುತ್ತಾನೆ. ಅಷ್ಟಮಿ ಹೊತ್ತಿನ ಮಳೆಗೆ ಟೈಲ್ಸ್ ಮೇಲೆ ಬಟ್ಟೆಯ ಪಾದ ಇಟ್ಟರೆ ಜಾರುವುದು ಗ್ಯಾರಂಟಿ, ಅದಕ್ಕೇ ನಾವು ಅಡಿಗೆ ರಬ್ಬರ್ ಸೋಲ್ ಹಾಕುತ್ತೇವೆ. ನೀರಿನ ಬಾಟಲಿಗೆ ಸ್ಟ್ರಾ ಹಾಕಿ ಬಾಯಿಯ ಸಂದಿನಲ್ಲಿ ಕೊಡುವುದೂ ಅವನೇ. ಒಳಗಿನವರು ಎರಡೂ ಕೈ ತಲೆಯ ಮೇಲೆ ಇಟ್ಟರೆ ನಮ್ಮಲ್ಲಿ ಅರ್ಥ ಒಂದೇ: ಈಗಲೇ ಹೊರಗೆ ಕರೆದುಕೊಂಡು ಹೋಗು. ಈ ಸನ್ನೆಯನ್ನು ನಿಮ್ಮ ವಾಲಂಟಿಯರ್‌ಗಳಿಗೂ, ಸೆಕ್ಯುರಿಟಿಯವರಿಗೂ ಹೇಳಿಕೊಡಿ.

ಕೈಗಳ ವಿಷಯ. ಒಳಗೆ ಯಾರಿದ್ದಾರೆ ಎಂದು ಕಾಣದ್ದರಿಂದ ಕೆಲವರಿಗೆ ಧೈರ್ಯ ಬರುತ್ತದೆ. ಅಪ್ಪಿಕೊಳ್ಳುವ ನೆಪದಲ್ಲಿ ಕೈ ಎಲ್ಲೆಲ್ಲೋ ಹೋಗುತ್ತದೆ. ನಮ್ಮ ಹುಡುಗಿಯರು ಇದನ್ನು ಅನುಭವಿಸಿದ್ದಾರೆ, ಹುಡುಗರೂ. ಕೇಳಿ ಮುಟ್ಟಿ ಎಂದು ದೊಡ್ಡದಾಗಿ ಬೋರ್ಡು ಹಾಕಿ. ವೇಷದವರಿಗೂ ಕಟ್ಟುಪಾಡು ಬೇಕು: ಮಗುವನ್ನು ಎತ್ತಿಕೊಳ್ಳಬಾರದು, ತಾವಾಗಿ ಅಪ್ಪಬಾರದು, ಎರಡೂ ಕೈ ಎಲ್ಲರಿಗೂ ಕಾಣುವ ಹಾಗಿರಬೇಕು. ಅಳುವ ಮಗುವನ್ನು ‘ಹೆದರಬೇಡ, ಹೋಗು, ಹೋಗು’ ಎಂದು ನಮ್ಮ ಕಡೆ ದೂಡುವ ಅಪ್ಪಂದಿರೇ, ದಯವಿಟ್ಟು ಬಿಟ್ಟುಬಿಡಿ. ಫೋಟೋ ಮುಂದಿನ ವರ್ಷ ತೆಗೆಯಬಹುದು.

ಪೊಲೀಸರ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವೇ: ಮುಖ ಕಾಣದವರನ್ನು ಜನಜಂಗುಳಿಯೊಳಗೆ ಬಿಡುವುದು ಹೇಗೆ? ಗೇಟಿನ ಪಕ್ಕ ಮರೆಯಲ್ಲಿ ತಲೆ ತೆಗೆಸಿ ಗುರುತಿನ ಚೀಟಿ ನೋಡಿ, ಹೆಸರು, ಜೊತೆಗಾರನ ಫೋನ್ ನಂಬರ್ ಬರೆದುಕೊಳ್ಳಿ, ಕೈಗವಸಿನ ಮೇಲೆ ನಂಬರಿನ ಪಟ್ಟಿ ಕಟ್ಟಿ. ನಮ್ಮದೇನೂ ತಕರಾರಿಲ್ಲ.

ಬೆಂಕಿಯನ್ನು ಮರೆಯಬಾರದು. ಈ ಫರ್ ಹೆಚ್ಚಾಗಿ ಅಕ್ರಿಲಿಕ್ ಇಲ್ಲವೇ ಪಾಲಿಯೆಸ್ಟರ್. ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ನಮ್ಮ ಮೇಳಗಳಲ್ಲಿ ಗೋಬಿ ಮಂಚೂರಿ ಒಲೆಯ ಪಕ್ಕದಲ್ಲೇ ಆಟಿಕೆ ಸ್ಟಾಲ್, ಅದರ ಪಕ್ಕದಲ್ಲೇ ಕರಡಿ. ಉದ್ಘಾಟನೆಗೆ ದೀಪ, ವೇದಿಕೆಗೆ ಹೂಬಾಣ. ಇವುಗಳಿಂದ ವೇಷವನ್ನು ದೂರ ಇಡಿ, ಮುಖ್ಯವಾಗಿ ದೀಪ ಬೆಳಗಿಸುವ ಅತಿಥಿಗಳ ಹಿಂದೆ ನಿಲ್ಲಿಸಬೇಡಿ.

ಯಾರಾದರೂ ಕುಸಿದರೆ? ಮಕ್ಕಳು ನೋಡುತ್ತಾರೆ ಎಂಬ ಮಾತು ಆಗ ಬೇಡ. ಅಲ್ಲೇ ತಲೆ ತೆಗೆಯಿರಿ, ಜಿಪ್ ಎಳೆಯಿರಿ, ಬರದಿದ್ದರೆ ಕತ್ತರಿ ಹಾಕಿ. ವೇಷ ಮತ್ತೆ ಹೊಲಿಯಬಹುದು. ಮಾತು ತೊದಲುತ್ತಿದ್ದರೆ, ಹೇಳಿದ್ದು ಅರ್ಥವಾಗದಿದ್ದರೆ, ವಾಲುತ್ತಿದ್ದರೆ ಅದು ಬರೀ ಸುಸ್ತಲ್ಲ. ಮೈಯ ಒಳಗಿನ ಕಾವು 40 ಡಿಗ್ರಿ ದಾಟಿರಬಹುದು. ಬೆವರುತ್ತಿದ್ದಾರಲ್ಲ, ಶಾಖಾಘಾತ ಇರಲಿಕ್ಕಿಲ್ಲ ಎಂದು ಕಾಯಬೇಡಿ, ಕುಣಿದು ದಣಿದವರು ಬೆವರುತ್ತಲೇ ಬೀಳುತ್ತಾರೆ. ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಆಂಬುಲೆನ್ಸ್ ಬರುವವರೆಗೆ ಮೈಗೆಲ್ಲ ನೀರು ಸುರಿದು ಫ್ಯಾನ್ ಹಾಕಲಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಲಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹೊಯ್ಯಬಾರದು.

ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಚಿಕ್ಕದು. ಕಾರ್ಯಕ್ರಮಕ್ಕೆ ಅನುಮತಿ ಕೊಡುವಾಗ ಮೈಕು, ಪಾರ್ಕಿಂಗ್, ಬೆಂಕಿ ನಂದಿಸುವ ವ್ಯವಸ್ಥೆ ಎಲ್ಲ ಕೇಳುತ್ತೀರಿ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಮೈ ಮುಚ್ಚುವ ವೇಷದವರು ಇದ್ದಾರಾ, ಇದ್ದರೆ ಅವರ ಕೋಣೆ ಎಲ್ಲಿ, ಜೊತೆಗಾರ ಯಾರು? ನಕ್ಷೆಯಲ್ಲಿ ಗುರುತು ಮಾಡಿ ಕೊಡಲಿ. ಬಾಡಿಗೆ ವೇಷ ಕಳಿಸುವ ಏಜೆನ್ಸಿಗಳಿಗೂ ಇದು ಅನ್ವಯಿಸಲಿ, ಮುಖ್ಯವಾಗಿ ಅವರಿಗೇ. ವಿಶ್ರಾಂತಿಯ ಹೊತ್ತಿಗೂ ಕೂಲಿ ಕೊಡಬೇಕು, ಕೈಗವಸು ಹುಡುಗ ತಾನೇ ಕಳಚುವ ಹಾಗಿರಬೇಕು.

ಆಯೋಜಕರೇ, ಪ್ರದರ್ಶನಗಳ ಸೀಸನ್ ಶುರುವಾಗುವ ಮೊದಲು ಒಂದು ಮೀಟಿಂಗ್ ಕರೆಯಿರಿ. ನಾವು ಮೂರ್ನಾಲ್ಕು ಜನ ಬರುತ್ತೇವೆ, ದುಡ್ಡು ಬೇಡ. ಒಂದು ಕರಡಿ ವೇಷ ತರುತ್ತೇವೆ, ಐದೂವರೆ ಅಡಿಯಿಂದ ಆರಡಿಯವರೆಗಿನ ಯಾರಿಗೂ ಆಗುತ್ತದೆ. ನಿಮ್ಮಲ್ಲಿ ಒಬ್ಬರು ಅದನ್ನು ಹಾಕಿ ಗೇಟಿನಿಂದ ವೇದಿಕೆಯವರೆಗೆ ನಡೆದು ಬನ್ನಿ. ಆಮೇಲೆ ಕೋಣೆ ಎಲ್ಲಿರಬೇಕು ಎಂದು ಮಾತಾಡೋಣ. ಜೊತೆಗಾರನಾಗಿ ನಾನು ಬರುತ್ತೇನೆ, ಬೈರಾಸು ಮಾತ್ರ ನೀವೇ ತನ್ನಿ.

ಇಂತಿ,
ಮಂಗಳೂರಿನ ಒಬ್ಬ ವೇಷಧಾರಿ